ಬಾಯಿಪಾಠ

ಸುಮಾರು ಮೂವತ್ತು ವರ್ಷ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡವಳು ನಾನು. "ಹದಿನೇಳೆಂಟ್ಲ ಎಷ್ಟೋ?" ಎಂದರೆ ಹದಿನೇಳೊಂದ್ಲದಿಂದ ಶುರು ಮಾಡುವ ಹುಡುಗರನ್ನು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು. ಐವತ್ತು ದಾಟಿದ ಮೇಲೆ ಗೀತೆಯ ಹನ್ನೆರಡನೆಯ ಅಧ್ಯಾಯ ಬಾಯಿಪಾಠ ಮಾಡಲು ಕೂತಾಗಲೇ ಆ ಹುಡುಗರ ಪಾಡು ಅರ್ಥವಾದದ್ದು.

2023ರ ಗೀತಾ ಜಯಂತಿಗೆ, ಅಂದರೆ ಮಾರ್ಗಶಿರ ಶುದ್ಧ ಏಕಾದಶಿಗೆ, ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಹಂಚಿದರು. ಪುಸ್ತಕ ನೋಡದೆ ಹೇಳಬೇಕು. ಕೊನೆಯ ಅಧ್ಯಾಯಕ್ಕೆ 78 ಶ್ಲೋಕ, ಎರಡನೆಯದಕ್ಕೆ 72. ಹನ್ನೆರಡಕ್ಕೆ ಬರೀ 20! ಉಪಾಯವಾಗಿ ಅದನ್ನೇ ಕೇಳಿ ಪಡೆದೆ.

ಮೊದಲ ಹನ್ನೆರಡು ಶ್ಲೋಕ ವಾರದೊಳಗೆ ಬಂದವು. ಎಂಟೆಂಟು ಅಕ್ಷರದ ನಾಲ್ಕು ಪಾದ, ಮಗ್ಗಿಯ ಹಾಗೆ ತಾನೇ ಉರುಳುತ್ತದೆ. ಇದು ಆಗದಿದ್ದರೆ ಅದು ಮಾಡು, ಅದೂ ಆಗದಿದ್ದರೆ ಇನ್ನೊಂದು ಮಾಡು ಎಂದು ಕೃಷ್ಣ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬರುತ್ತಾನೆ. ತೊಡಕು ಶುರುವಾಗುವುದು ಭಕ್ತನ ಲಕ್ಷಣ ಹೇಳುವಲ್ಲಿ. 14 ಮತ್ತು 16 ಅಕ್ಷರವೂ ಬದಲಾಗದ ಒಂದೇ ಪಾದದಲ್ಲಿ ಮುಗಿಯುತ್ತವೆ. 14 ಹೇಳಿದವಳು 16 ಹೇಳಿದೆನೆಂದುಕೊಂಡು 17ಕ್ಕೆ ಹಾರುತ್ತಿದ್ದೆ. ಇಲ್ಲವೇ 16 ಮುಗಿಸಿ ಮತ್ತೆ 15ಕ್ಕೆ ಬಂದು ಗಾಣದೆತ್ತಿನಂತೆ ಸುತ್ತುತ್ತಿದ್ದೆ.

ವೇದಾಧ್ಯಯನದಲ್ಲಿ ಕ್ರಮಪಾಠ ಎಂದಿದೆ. ಮೊದಲ ಪದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು, ಹೀಗೆ ಸರಪಳಿ ಹೆಣೆದು ಕಲಿಯುವುದು. ನಾನೂ ಹಾಗೆಯೇ ಒಂದು ಶ್ಲೋಕದ ಕೊನೆಗೆ ಮುಂದಿನದರ ಮೊದಲ ಪದ ಗಂಟು ಹಾಕಿದೆ. ಆದರೆ ಒಂದೇ ಗಂಟಿನಿಂದ ಎರಡು ದಾರ ಹೊರಟರೆ ಯಾವುದನ್ನು ಹಿಡಿಯುವುದು ಹೇಳಿ!

ಪುಸ್ತಕ ಹಿಡಿದು ಕೂತ ನಮ್ಮವರು, "ಮತ್ತೆ 15 ನುಂಗಿದೆ. ನಿನಗೆ ಆ ಶ್ಲೋಕವೇ ಹಿಡಿಸುವುದಿಲ್ಲವೇನೋ" ಎಂದು ನಕ್ಕರು. ಯಾರಿಂದ ಲೋಕಕ್ಕೆ ಉದ್ವೇಗವಿಲ್ಲವೋ, ಲೋಕದಿಂದ ಯಾರಿಗೆ ಉದ್ವೇಗವಿಲ್ಲವೋ ಎಂದು ಅದರ ಅರ್ಥ. ನನಗೆ ನಗು ಬರಲಿಲ್ಲ.

2019ರಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಅವರಿದ್ದದ್ದು ಮೈದುನನ ಮನೆಯಲ್ಲಿ. ಒರೆಸುವುದು, ತೊಳೆಯುವುದು, ಉಣ್ಣಿಸುವುದು ಎಲ್ಲ ನನ್ನ ವಾರಗಿತ್ತಿಯ ಪಾಲಿಗೆ. ನಾನು ಭಾನುವಾರ ಹಣ್ಣು ಹಿಡಿದುಕೊಂಡು ಹೋಗುವ ನೆಂಟಳು. ಒಂದು ದಿನ ಅವಳು, "ಅಕ್ಕ, ಒಂದು ತಿಂಗಳು ರಜೆ ಹಾಕಲಿಕ್ಕಾಗುತ್ತಾ?" ಎಂದು ಕೇಳಿದಳು. "ಮನೆಯಲ್ಲೇ ಇರುವವರಿಗೆ ಇನ್ನೇನು ಕೆಲಸವಿರುತ್ತೆ?" ಎಂದುಬಿಟ್ಟೆ. ಪರೀಕ್ಷೆಯ ಕಾಲ, ತಲೆ ಕೆಟ್ಟಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅತ್ತೆಯ ಹದಿಮೂರನೆಯ ದಿನ ಕಳೆದ ಮೇಲೆ ನಮ್ಮಿಬ್ಬರಲ್ಲಿ ಮಾತಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಒಬ್ಬರು ಅಡಿಗೆಮನೆಗೆ, ಒಬ್ಬರು ಚಪ್ಪರಕ್ಕೆ.

ಏಕಾದಶಿಯ ದಿನ ನೋಡಿದರೆ ಮುಂದಿನ ಸಾಲಿನಲ್ಲೇ ಅವಳು! ಯಾರದೋ ಜೊತೆ ಬಂದಿದ್ದಳು. ಯಾವ ಪ್ರಾಣಿಯನ್ನೂ ದ್ವೇಷಿಸದವನು ಎಂದು ಶುರುವಾಗುವ 13ನೆಯ ಶ್ಲೋಕವನ್ನು ಗೋಡೆಯ ಗಡಿಯಾರ ನೋಡುತ್ತ ಹೇಳಿದೆ. 14 ಮುಗಿಯಿತು. 17 ನಾಲಿಗೆಯ ತುದಿಗೆ ಬಂತು, ಹೇಗೋ ತಡೆದೆ. ತಡೆದ ಮೇಲೆ ಏನೂ ಇಲ್ಲ, ಒರೆಸಿದ ಕರಿಹಲಗೆ. ಯಾರೋ ಕೆಮ್ಮಿದರು. ನಾನು ನಿಲ್ಲಿಸಿದ್ದ ಮಕ್ಕಳೆಲ್ಲ ಬೆಂಚಿನ ಮೇಲೆ ಹೀಗೇ ನಿಂತಿದ್ದವೇನೋ.

ಮುಂದಿನ ಸಾಲಿನಿಂದ ಮೆಲ್ಲನೆ 15ರ ಮೊದಲ ಪದ ಬಂತು. ಅವಳದೇ ದನಿ. ಹಿಡಿದುಕೊಂಡೆ. 16ರ ಅಂಚಿನಲ್ಲಿ ಅವಳ ಮುಖ ನೋಡಿದೆ; ತುಟಿ ನನ್ನೊಂದಿಗೇ ಆಡುತ್ತಿತ್ತು. ಪುಸ್ತಕವೂ ಇರಲಿಲ್ಲ ಅವಳ ಕೈಯಲ್ಲಿ.

ಬಾಳೆಹಣ್ಣಿನ ರಸಾಯನ ಹಂಚುವಾಗ ಹತ್ತಿರ ಬಂದಳು.

"ಅತ್ತೆಯೂ ಅಲ್ಲೇ ಎಡವುತ್ತಿದ್ದರು, ಅಕ್ಕ. ಕೊನೆಕೊನೆಗೆ ದಿನಾ ಸಂಜೆ ನಾನೇ ಹೇಳಿಕೊಡಬೇಕಿತ್ತು."

ಅತ್ತೆಗೆ ಈ ಅಧ್ಯಾಯ ಬರುತ್ತಿತ್ತೆಂದೇ ನನಗೆ ಗೊತ್ತಿರಲಿಲ್ಲ. "ಹೌದಾ?" ಎಂದೆ. ಆಡಬೇಕಾದ ಮಾತು ಬೇರೆಯೇ ಇತ್ತು. ಗೇಟಿನವರೆಗೆ ಜೊತೆಯಲ್ಲೇ ನಡೆದೆ. ಅಷ್ಟರಲ್ಲಿ ಆಟೋ ಬಂತು, ಅವಳು ಹತ್ತಿದಳು.

ಭಾನುವಾರ ಅವಳ ಮನೆಗೆ ಹೋದೆ. ಈ ಸಲ ಹಣ್ಣು ಒಯ್ಯಲಿಲ್ಲ.