ಕಮಾನಿಗೊಂದು ಒತ್ತಾಸೆ

ಬೆಳಗೋಡಿನ ಕಡೆ ಪಿಕಪ್ ಗಾಡಿಗೆ ವರ್ಷದಲ್ಲಿ ಎರಡು ಜನ್ಮ. ಮಳೆಗಾಲದಲ್ಲಿ ಅರ್ಧ ಖಾಲಿ ಓಡಾಟ. ಡಿಸೆಂಬರಿನ ಹೊತ್ತಿಗೆ ಕಾಫಿ ಕೊಯ್ಲು ಜೋರಾದರೆ ಮೂಟೆ ಮೇಲೆ ಮೂಟೆ. ಆಗ ಹಿಂಭಾಗ ಕೂತುಬಿಡುತ್ತೆ, ಹೆಡ್‌ಲೈಟು ಸಿಲ್ವರ್ ಮರದ ತುದಿ ನೋಡುತ್ತೆ, ಸ್ಟೇರಿಂಗ್ ಹಗುರಾಗುತ್ತೆ. "ಎರಡು ಪ್ಲೇಟ್ ಹಾಕ್ಸಿಬಿಡಿ" ಅನ್ನೋದು ಊರಿನ ಸಿದ್ಧೌಷಧ. ಮೆಕ್ಯಾನಿಕಲ್ ಓದುವ ನಾವು ಮೂವರು ರಜೆಯಲ್ಲಿ ಮನೆ ಗಾಡಿಗೆ ಆ ಔಷಧದ ಲೆಕ್ಕ ಹಾಕಲು ಕೂತೆವು.

ಕಮಾನಿಗೆ ಪ್ಲೇಟ್ ಸೇರಿಸಿದರೆ ಅದು ಯಾವಾಗಲೂ ಕೆಲಸ ಮಾಡುತ್ತೆ. ಖಾಲಿ ಗಾಡಿ ಕುಣಿಯುತ್ತೆ. ಹೆಲ್ಪರ್ ಸ್ಪ್ರಿಂಗ್ ಹಾಗಲ್ಲ. ಅದು ಮುಖ್ಯ ಕಮಾನಿನ ಮೇಲೆ ಸುಮ್ಮನೆ ಕೂತಿರುತ್ತೆ. ಭಾರಕ್ಕೆ ಚಾಸಿ ಇಳಿದು ಅದರ ತುದಿಗಳಿಗೆ ತಾಗಿದಾಗ ಮಾತ್ರ ಹೆಗಲು ಕೊಡುತ್ತೆ.

ನಾವು 50 ಕೆ.ಜಿ.ಯ 20 ಮೂಟೆ ಹೇರಿ ಟೇಪ್ ಹಿಡಿದೆವು. ಹಿಂಭಾಗ 8 ಸೆಂ.ಮೀ. ಇಳಿಯಿತು. ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೇ ಬಿತ್ತು ಅಂತಿಟ್ಟುಕೊಂಡರೆ ಒಂದು ಬದಿಗೆ 500 ಕೆ.ಜಿ., ಅಂದರೆ ಸೆಂ.ಮೀ.ಗೆ 62.5 ಕೆ.ಜಿ. ಇದರ ಅರ್ಧ ಬಿಗಿಯ ಹೆಲ್ಪರ್ 5 ಸೆಂ.ಮೀ. ಇಳಿದ ಮೇಲೆ ತಾಗಿದರೆ ಒಟ್ಟು ಇಳಿತ 7 ಸೆಂ.ಮೀ. ಉಳಿದದ್ದು ಒಂದೇ! 2 ಸೆಂ.ಮೀ.ಗೇ ತಾಗಿದರೆ ಇಳಿತ 6. ಎಷ್ಟು ಬಿಗಿ ಅನ್ನೋದರಷ್ಟೇ ಎಲ್ಲಿ ತಾಗುತ್ತೆ ಅನ್ನೋದೂ ಮುಖ್ಯ. ದಪ್ಪದಲ್ಲೂ ಹುಷಾರಿರಬೇಕು: ಬಿಗಿ ದಪ್ಪದ ಘನಕ್ಕೆ ಏರುತ್ತೆ, 8 ಮಿ.ಮೀ. ಬದಲು 10 ಮಿ.ಮೀ. ಪಟ್ಟಿ ಹಾಕಿದರೆ ಹತ್ತಿರ ಹತ್ತಿರ ಎರಡು ಪಟ್ಟು. ನಾವು ತೆಳುವಾದದ್ದನ್ನೇ ಆರಿಸಿ, 2 ಸೆಂ.ಮೀ.ಗೆ ತಾಗುವಂತೆ ಮಾಡಿದೆವು.

ಜೋಡಿಸುವಾಗ ಆಕ್ಸಲ್ ಜಾರದಂತೆ ಒಂದೊಂದೇ ಬದಿ ಬಿಚ್ಚಿದೆವು. ಯು-ಬೋಲ್ಟ್ ಹೊಸವು, ಉದ್ದದವು. ಹಳೆಯವನ್ನು ಮತ್ತೆ ಹಾಕಬಾರದು. ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿಸಿದ ಮೇಲೆ, ಮೂಲೆಯಿಂದ ಮೂಲೆಗೆ. ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ.

ಆದರೆ ನಿಜವಾದ ವಿಷಯ ಬ್ರೇಕಿನದು. ಎಷ್ಟೋ ಪಿಕಪ್‌ಗಳಲ್ಲಿ, ನಮ್ಮದರಲ್ಲೂ, ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಕಡ್ಡಿ ಇದೆ. ಹಿಂಭಾಗ ಎಷ್ಟು ಇಳಿದಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದರ ವಾಲ್ವ್ ತೀರ್ಮಾನಿಸುತ್ತೆ. ಹೆಲ್ಪರ್ ಹಾಕಿದರೆ ಗಾಡಿ ಇಳಿಯೋದು ಕಮ್ಮಿ. ಪಾಪ, ವಾಲ್ವಿಗೆ ಲೋಡೇ ಇಲ್ಲ ಅನಿಸುತ್ತೆ! ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಅರೆಮನಸ್ಸಿನಲ್ಲಿದ್ದರೆ ಮುಂದಿನದು ಕಾದು ಸೋಲುತ್ತೆ. ಅದಕ್ಕೇ ಆ ಕಡ್ಡಿಯನ್ನು ಸರ್ವಿಸ್ ಸೆಂಟರಿನಲ್ಲಿ ಮತ್ತೆ ಹೊಂದಿಸಿಸಿದೆವು.

ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಇನ್ನು ಐದು ಮೂಟೆ ಜಾಸ್ತಿ ಹೇರಬಹುದಾ?" ಇಲ್ಲ. ಆರ್‌ಸಿಯಲ್ಲಿ ಬರೆದ ತೂಕ ಸ್ಪ್ರಿಂಗ್ ಒಂದರದ್ದಲ್ಲ. ಟೈರು, ಆಕ್ಸಲ್, ಬ್ರೇಕ್, ಚಾಸಿ ಎಲ್ಲದರದ್ದು. ನಾವು ಬದಲಿಸಿದ್ದು ಅದರಲ್ಲಿ ಒಂದನ್ನು. ಈ ಮಾತಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಸದ್ಯಕ್ಕೆ ಮೂಟೆ ಎಣಿಸೋ ಕೆಲಸ ನಮ್ಮದೇ.