ನಡೆದಷ್ಟೇ ಉಳಿಯುವ ನಾಡು

ಟೂಬಿಟೂಟಿ ಎಂಬ ನಾಡಿನ ನಟ್ಟನಡುವೆ ಹಸಿರೆಂಬುದು ಅಪರೂಪ. ಒಂದು ಕಾಲಕ್ಕೆ ಅಲ್ಲಿ ಹುಲ್ಲುಗಾವಲೂ ಮರಗಳೂ ಇದ್ದವು. ಈಗ ಕಣ್ಣು ಹಾಯುವಷ್ಟು ದೂರವೂ ಹಳ್ಳ, ಹಳ್ಳದೊಳಗೆ ಮತ್ತೊಂದು ಹಳ್ಳ. ನಡುನಡುವೆ ಆಧಾರವೇ ಇಲ್ಲದೆ ಆಕಾಶದಲ್ಲಿ ನಿಂತಿರುವ ಬಂಡೆಯ ತುಂಡುಗಳು. ಲಾವಾ ಹರಿದ ಕಡೆ ನೀರು ಸುರಿದು ಗಟ್ಟಿಯಾದ ಒರಟು ಕಲ್ಲಿನ ಗುಡ್ಡಗಳು. ಯಾರೋ ಕಟ್ಟಿ, ಇನ್ನಾರೋ ಒಡೆದು ಹೋದ ಕರಿಗಲ್ಲಿನ ಗೋಪುರಗಳ ಮೊಂಡುಗಳು. ಹೊಸದಾಗಿ ಬಂದವನಿಗೆ ಅಲ್ಲಿ ತಿನ್ನಲು ಒಂದು ತುತ್ತು ಸಿಕ್ಕುವುದು ಕಷ್ಟ. ಹಸಿವಿನಿಂದಲೋ, ಹಳ್ಳಕ್ಕೆ ಬಿದ್ದೋ, ಅಪರಿಚಿತನ ಕತ್ತಿಗೆ ಸಿಕ್ಕಿಯೋ ಅವನು ಸಾಯುತ್ತಾನೆ. ಸತ್ತವನು ಮತ್ತೆ ಅದೇ ಪಾಳುನೆಲದಲ್ಲಿ ಹುಟ್ಟುತ್ತಾನೆ. ಹೀಗೆ ಹತ್ತಾರು ಜನ್ಮಗಳನ್ನು ಕಳೆದ ಮೇಲೆ, ಸಾವಿರಾರು ಹೆಜ್ಜೆಗಳ ಆಚೆ, ಅವನಿಗೆ ನೆಮ್ಮದಿಯ ನೆಲ ದೊರೆಯುತ್ತದೆ.

ಈ ನಾಡು ಯಾವ ಭೂಪಟದಲ್ಲಿಯೂ ಇಲ್ಲ. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ೨೦೦೯ರಲ್ಲಿ ಹೊರತಂದ ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಆಟದೊಳಗಿನ ನಾಡು ಇದು. ನಮ್ಮ ಮನೆಗಳ ಮಕ್ಕಳಿಗೆ ಆ ಆಟದ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ೨೦೨೩ರ ಹೊತ್ತಿಗೆ ಅದರ ೩೦ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಅದರಲ್ಲಿ ಲೋಕವೆಲ್ಲವೂ ಮೀಟರು ಉದ್ದಗಲದ ಘನಾಕೃತಿಗಳಿಂದ ಆದದ್ದು. ಮಣ್ಣು, ಮರ, ಕಲ್ಲು, ಅದಿರು ಎಲ್ಲವನ್ನೂ ಅಗೆದು ತೆಗೆಯಬಹುದು, ಬೇಕಾದಲ್ಲಿ ಇಟ್ಟು ಕಟ್ಟಬಹುದು. ಇಪ್ಪತ್ತು ನಿಮಿಷಗಳಿಗೆ ಒಂದು ಹಗಲೂ ಒಂದು ರಾತ್ರಿಯೂ ಮುಗಿಯುತ್ತವೆ. ಲೋಕದ ವಿಸ್ತಾರವೋ, ನಡುವಿನಿಂದ ನಾಲ್ಕು ದಿಕ್ಕಿಗೂ ಸುಮಾರು ಮೂರು ಕೋಟಿ ಹೆಜ್ಜೆ. ನಿದ್ದೆಯಿಲ್ಲದೆ ನಡೆದರೂ ಅಂಚನ್ನು ಮುಟ್ಟಲು ಎಂಬತ್ತು ದಿನಗಳು ಬೇಕು. ಅದರ ನೆಲವೆಲ್ಲವನ್ನೂ ಹಾಸಿದರೆ ನಮ್ಮ ಭೂಮಂಡಲದ ಏಳು ಪಟ್ಟು ಆದೀತು.

ಇಂಥ ಲೋಕವನ್ನು ಒಬ್ಬನೇ ತನ್ನ ಕಂಪ್ಯೂಟರಿನಲ್ಲಿ ಆಡಬಹುದು. ಇಲ್ಲವೆ ಯಾರಾದರೊಬ್ಬರು ಒಂದು ಸರ್ವರ್ ಇಟ್ಟು, ದೇಶದೇಶಗಳವರು ಬಂದು ಒಟ್ಟಿಗೆ ವಾಸಿಸುವಂತೆ ಮಾಡಬಹುದು. ಟೂಬಿಟೂಟಿ ಅಂಥದೊಂದು ಸರ್ವರು. ೨೦೧೦ರ ಡಿಸೆಂಬರಿನಲ್ಲಿ ಆರಂಭವಾದ ಅದರ ಲೋಕವನ್ನು ಇದುವರೆಗೆ ಒಮ್ಮೆಯೂ ಅಳಿಸಿ ಹೊಸದಾಗಿ ಮಾಡಿಲ್ಲ. ಅಲ್ಲಿ ಕಾಯಿದೆಯಿಲ್ಲ, ಕೊತವಾಲನಿಲ್ಲ. ಕಳ್ಳತನ, ಕೊಲೆ, ಮೋಸ ಯಾವುದಕ್ಕೂ ಶಿಕ್ಷೆಯಿಲ್ಲ. ಅರಾಜಕತೆಯನ್ನೇ ಸಂವಿಧಾನವಾಗಿ ಒಪ್ಪಿಕೊಂಡ ಈ ನಾಡಿಗೆ ೨೦೧೬ರಲ್ಲಿ ಒಬ್ಬ ಜನಪ್ರಿಯ ಯೂಟ್ಯೂಬ್‌ಗಾರನ ಚಿತ್ರಗಳನ್ನು ನೋಡಿ ಜನ ನುಗ್ಗಿದರು. ಅಂದಿನಿಂದ ಪ್ರವೇಶಕ್ಕೆ ಸರತಿಯ ಸಾಲು ಬಂದಿತು. ಜಾತ್ರೆಯ ದಿನದ ರೈಲ್ವೆ ನಿಲ್ದಾಣದಂತೆ ಗಂಟೆಗಟ್ಟಲೆ ಕಾಯುವುದು ಅಲ್ಲಿ ಸಾಮಾನ್ಯ. ಹಣ ಕೊಟ್ಟವರಿಗೆ ಬೇರೆ ಸಾಲು ಇರುವುದೂ ನಮ್ಮ ಲೋಕದ ಪದ್ಧತಿಯೇ!

ಪಾಳುನೆಲವನ್ನು ದಾಟಿದವನ ಕಣ್ಣಿಗೆ ಒಂದು ವಿಚಿತ್ರ ಬೀಳುತ್ತದೆ. ಮೃದುವಾಗಿ ಏರಿ ಇಳಿಯುತ್ತಿದ್ದ ಬಯಲು ಒಂದು ಕಡೆ ಚಾಕುವಿನಿಂದ ಕೊಯ್ದಂತೆ ನೇರವಾಗಿ ನಿಂತುಬಿಡುತ್ತದೆ. ಅದರಾಚೆ ಬೇರೆಯೇ ಬಗೆಯ ಬೆಟ್ಟ, ಬೇರೆಯೇ ಕಾಡು. ಈ ಲೋಕದಲ್ಲಿ ನೆಲವು ಮೊದಲೇ ಇರುವುದಿಲ್ಲ. ಯಾರಾದರೂ ಹತ್ತಿರ ಹೋದಾಗ ಮಾತ್ರ ಅದು ಸೃಷ್ಟಿಯಾಗುತ್ತದೆ. ಆಟದ ತಯಾರಕರು ೨೦೧೧ರಲ್ಲಿಯೂ ೨೦೧೩ರಲ್ಲಿಯೂ ನೆಲವನ್ನು ಸೃಷ್ಟಿಸುವ ರೀತಿಯನ್ನು ಬದಲಿಸಿದರು. ಹಳೆಯ ಯಾತ್ರಿಕರು ಎಲ್ಲಿಯವರೆಗೆ ನಡೆದಿದ್ದರೋ ಅಲ್ಲಿಯವರೆಗೆ ಹಳೆಯ ನೆಲ, ಮುಂದೆ ಹೊಸದು. ಭೂಗರ್ಭಶಾಸ್ತ್ರಜ್ಞನು ಶಿಲೆಯ ಪದರಗಳನ್ನು ಓದುವಂತೆ, ಬಲ್ಲವರು ಈ ಕಡಿದ ಅಂಚುಗಳಲ್ಲಿ ನಾಡಿನ ಚರಿತ್ರೆಯನ್ನು ಓದುತ್ತಾರೆ.

ದೂರ ಹೋಗುವವರು ನೆದರ್ ಎಂಬ ಪಾತಾಳಲೋಕಕ್ಕೆ ಇಳಿಯುತ್ತಾರೆ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ಮೇಲಿನ ಲೋಕದಲ್ಲಿ ಎಂಟು ಹೆಜ್ಜೆ ಸಾಗಿದಂತೆ. ಆ ಬೆಂಕಿಯ ನಾಡಿನ ನಡುವೆ ಆಟಗಾರರು ಕೂಡಿ ಕಡಿದ ನೇರವಾದ ಹೆದ್ದಾರಿಗಳಿವೆ. ಯಾವ ಸರಕಾರವೂ ಇಲ್ಲದ ದೇಶದಲ್ಲಿ ರಸ್ತೆ ಮಾತ್ರ ಸೊಗಸಾಗಿದೆ ಎಂದರೆ ನಮ್ಮ ನಗರಗಳ ವಾಚಕರು ನಿಟ್ಟುಸಿರು ಬಿಡಬಹುದು. ಮೂಲದಿಂದ ಲಕ್ಷಾಂತರ ಹೆಜ್ಜೆ ದೂರದಲ್ಲಿ, ಯಾರಿಗೂ ತಿಳಿಯದಂತೆ, ಕೆಲವರು ಸೇರಿ ಊರು ಕಟ್ಟುತ್ತಾರೆ: ಕಮಾನುಗಳ ಸೇತುವೆ, ತೋಟ, ಗ್ರಂಥಭಂಡಾರ, ಸಮುದ್ರತೀರದ ದೀಪಸ್ತಂಭ. ತಿಂಗಳುಗಳ ದುಡಿಮೆ ಅದು. ಅದಕ್ಕೆ ಕೋಟೆಯಿಲ್ಲ, ದೂರವೇ ಕೋಟೆ. ಗುಟ್ಟು ಹೊರಬಿದ್ದರೆ ಒಂದೆರಡು ದಿನಗಳಲ್ಲಿ ಎಲ್ಲವೂ ಹಳ್ಳವಾಗುತ್ತದೆ.

ಆದುದರಿಂದಲೇ ಅಲ್ಲಿಯ ಕೆಲವರಿಗೆ ಪ್ರತಿ ತೆಗೆದಿಡುವ ಹಂಬಲ. ಊರು ಉರುಳುವ ಮೊದಲು ಅದರ ನಕಲೊಂದನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು. ಇದೇನು ಮಹಾ, ಒಂದು ಗುಂಡಿ ಒತ್ತಿದರಾಯಿತು ಎಂದು ತೋರಬಹುದು. ಸರ್ವರಿನ ಒಡೆಯನಿಗೆ ಅದು ನಿಜ. ಲೋಕವೆಲ್ಲವೂ ಅವನ ಯಂತ್ರದಲ್ಲಿಯೇ ಇದೆ. ಅತಿಥಿಯ ಪಾಡು ಬೇರೆ. ಸರ್ವರು ಯಾರಿಗೂ ಇಡೀ ಲೋಕವನ್ನು ಕಳುಹಿಸುವುದಿಲ್ಲ. ಹದಿನಾರು ಹೆಜ್ಜೆ ಉದ್ದ, ಹದಿನಾರು ಹೆಜ್ಜೆ ಅಗಲದ ಚಂಕ್ ಎಂಬ ತುಂಡುಗಳಾಗಿ, ಆಟಗಾರನ ಸುತ್ತಲಿನ ನೆಲವನ್ನು ಮಾತ್ರ ಕಳುಹಿಸುತ್ತದೆ. ಅವನು ಮುಂದೆ ಹೋದಂತೆ ಹಿಂದಿನ ತುಂಡುಗಳು ಅವನ ಕಂಪ್ಯೂಟರಿನಿಂದ ಮರೆಯಾಗುತ್ತವೆ. ಹಾಗೆ ಮರೆಯಾಗುವುದನ್ನು ತಡೆದು ಡಿಸ್ಕಿಗೆ ಬರೆದಿಡುವ ಒಂದು ಸಣ್ಣ ತಂತ್ರಾಂಶವೇ ಪ್ರತಿ ತೆಗೆಯುವವನ ಆಯುಧ. ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಒತ್ತಿ ಅಚ್ಚು ತೆಗೆಯುವ ಪಂಡಿತರು ಊರೂರು ತಿರುಗಬೇಕಾದಂತೆ, ಇವನೂ ನೆಲವನ್ನೆಲ್ಲ ಕಾಲಿನಿಂದಲೇ ಅಳೆಯಬೇಕು.

ಲೆಕ್ಕ ಹಾಕಿ ನೋಡಬಹುದು. ನಾಲ್ಕು ಸಾವಿರ ಹೆಜ್ಜೆ ಉದ್ದಗಲದ ಒಂದು ಚೌಕವನ್ನು ಉಳಿಸಬೇಕಾಗಿದೆ ಎನ್ನೋಣ. ಸರ್ವರು ಪ್ರತಿ ದಿಕ್ಕಿಗೆ ನಾಲ್ಕು ಚಂಕ್‌ಗಳನ್ನು ಮಾತ್ರ ತೋರಿಸಿದರೆ, ಒಂದು ಸಾಲಿಗೆ ಸಿಕ್ಕುವ ಅಗಲ ೧೪೪ ಹೆಜ್ಜೆ. ರೈತನು ಹೊಲ ಉಳುವಂತೆ ಈ ತುದಿಯಿಂದ ಆ ತುದಿಗೆ ೨೮ ಸಾಲು ನಡೆಯಬೇಕು. ಒಟ್ಟು ೧೧೨ ಕಿಲೋಮೀಟರು, ಏಳು ಗಂಟೆಗೂ ಹೆಚ್ಚು ಕಾಲದ ನಡಿಗೆ. ಇದು ನೆಲ ಸಮವಾಗಿದ್ದರೆ. ಟೂಬಿಟೂಟಿಯ ನಡುನೆಲದಲ್ಲಿ ಸಮವಾದ ಹತ್ತು ಹೆಜ್ಜೆ ಸಿಕ್ಕುವುದೇ ದುರ್ಲಭ, ಮೇಲಾಗಿ ಬೆನ್ನಿಗೆ ಕತ್ತಿ ಹಿಡಿದವರು ಬೇರೆ. ಆದರೂ ಆ ನಡುನೆಲದ ಪ್ರತಿಗಳನ್ನು ಆಟಗಾರರು ಬೇರೆ ಬೇರೆ ವರ್ಷಗಳಲ್ಲಿ ತೆಗೆದಿದ್ದಾರೆ. ಒಂದರ ಪಕ್ಕ ಇನ್ನೊಂದನ್ನಿಟ್ಟರೆ ಯಾವ ಗೋಪುರ ಯಾವಾಗ ಬಿದ್ದಿತೆಂಬುದು ತಿಳಿಯುತ್ತದೆ. ಇಡೀ ಲೋಕವನ್ನು ನಡೆದು ಮುಗಿಸುವ ಮಾತೇ ಇಲ್ಲ. ಅದು ಹತ್ತಾರು ಟೆರಾಬೈಟುಗಳಷ್ಟಿದೆ.

ನಡೆದರೆ ಸಾಲದು, ತೆರೆಯಲೂ ಬೇಕು. ಮನೆಯ ಗೋಡೆ, ಮಾಡು, ಬಾಗಿಲ ಮೇಲಿನ ಫಲಕದ ಬರಹ ಇವೆಲ್ಲವೂ ನೆಲದೊಂದಿಗೆ ತಾವಾಗಿ ಬರುತ್ತವೆ. ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಮಾತ್ರ, ಅದರ ಮುಚ್ಚಳ ಎತ್ತುವವರೆಗೆ, ಸರ್ವರು ಹೇಳುವುದಿಲ್ಲ. ನೂರು ಪೆಟ್ಟಿಗೆಗಳಿರುವ ಉಗ್ರಾಣದಲ್ಲಿ ನೂರನ್ನೂ ಒಂದೊಂದಾಗಿ ತೆರೆದು ಮುಚ್ಚಬೇಕು. ತೆರೆಯದೆ ಬಿಟ್ಟದ್ದು ನಕಲಿನಲ್ಲಿ ಬರಿದಾಗಿ ನಿಲ್ಲುತ್ತದೆ. ಆ ಪೆಟ್ಟಿಗೆಗಳಲ್ಲಿ ವಜ್ರವಿದ್ದರೆ ಹೋಗಲಿ. ಆಟಗಾರರು ತಾವೇ ಬರೆದ ಪುಸ್ತಕಗಳನ್ನು ಇಡುವುದೂ ಅಲ್ಲಿಯೇ. ದಿನಚರಿ, ಸಂಧಿಪತ್ರ, ಹೊರಟುಹೋಗುವವನ ಕೊನೆಯ ಮಾತು, ಎಲ್ಲವೂ. ನಕಲು ತೆಗೆಯುವವನ ಅವಸರದಲ್ಲಿ ಮೊದಲು ಕೈಬಿಡುವುದು ಇವೇ ಎಂಬುದು ದುಃಖದ ಸಂಗತಿ. ಗೋಪುರವನ್ನು ಮತ್ತೆ ಕಟ್ಟಬಹುದು. ಆ ಪುಸ್ತಕವನ್ನು ಬರೆಯುವವರು ಯಾರು?

ನಕಲಿನ ನಾಡಿಗೂ ಎಲ್ಲೆಯುಂಟು. ನಡೆದ ನೆಲ ಮುಗಿದಲ್ಲಿ ಕೆಲವು ಪ್ರತಿಗಳಲ್ಲಿ ಬರಿಯ ಶೂನ್ಯ. ಇನ್ನು ಕೆಲವದರಲ್ಲಿ ಆಟವು ತನ್ನ ಇಚ್ಛೆಯಂತೆ ಹೊಸ ನೆಲವನ್ನು ಹುಟ್ಟಿಸಿ ಅಂಟಿಸುತ್ತದೆ. ದೀಪಸ್ತಂಭದ ಮುಂದಿನ ಕಡಲು ಗೋಡೆಯಂತೆ ನಿಂತು, ಆಚೆ ಮರುಭೂಮಿ ತೊಡಗಬಹುದು. ಮೂಲಲೋಕವು ಯಾವ ಸಂಖ್ಯೆಯಿಂದ ಹುಟ್ಟಿತೋ ಆ ಬೀಜಸಂಖ್ಯೆಯನ್ನು ಸರ್ವರು ಅತಿಥಿಗೆ ತಿಳಿಸದಿರುವುದೇ ಇದಕ್ಕೆ ಕಾರಣ.

ಈ ಕೆಲಸಕ್ಕೆ ಕಪ್ಪು ಮುಖವೂ ಇದೆ. ನಕಲನ್ನು ಮನೆಯಲ್ಲಿ ಬಿಡುವಾಗಿ ಅಗೆದು ನೋಡುವವನಿಗೆ ಗೋಡೆಯ ಹಿಂದಿನ ಗುಪ್ತಕೋಣೆ ಸಿಕ್ಕುತ್ತದೆ. ೫೧೨ ಹೆಜ್ಜೆ ಚೌಕದ ನೆಲವನ್ನು ಹೊತ್ತ ಪ್ರತಿಯೊಂದು ಕಡತದ ಹೆಸರಿನಲ್ಲಿಯೇ ಅದರ ಸ್ಥಾನವೂ ಬರೆದಿರುತ್ತದೆ. ಎಚ್ಚರವಿಲ್ಲದೆ ಹಂಚಿದರೆ ಊರಿನ ವಿಳಾಸವನ್ನೇ ಡಂಗುರ ಸಾರಿದಂತೆ. ಕೆಲವು ಸರ್ವರುಗಳು ಪ್ರತಿ ತೆಗೆಯುವುದನ್ನು ನಿಷೇಧಿಸಿರುವುದರಲ್ಲಿ ಅರ್ಥವಿದೆ. ಕಟ್ಟಿದವರು ಇನ್ನೂ ವಾಸವಾಗಿರುವ ಊರನ್ನು ಅವರನ್ನು ಕೇಳದೆ ನಕಲು ಮಾಡುವುದು ಸಭ್ಯತೆಯಲ್ಲ. ಕೇಳಲು ಯಾರೂ ಉಳಿಯದ ಊರಿನ ಮಾತು ಬೇರೆ.

ಎಲ್ಲ ಲೋಕಗಳೂ ಹೀಗೆ ಬಚ್ಚಿಟ್ಟುಕೊಳ್ಳುವಂಥವಲ್ಲ. ೨೦೧೪ರ ಏಪ್ರಿಲಿನಲ್ಲಿ ಡೆನ್ಮಾರ್ಕಿನ ಭೂಮಾಪನ ಇಲಾಖೆಯು ಸುಮಾರು ೪೩,೦೦೦ ಚದರ ಕಿಲೋಮೀಟರುಗಳ ತನ್ನ ದೇಶವನ್ನೇ, ಅಳತೆಗೆ ಅಳತೆಯಾಗಿ, ಇದೇ ಆಟದಲ್ಲಿ ರೂಪಿಸಿ ಜನರಿಗೆ ತೆರೆದಿಟ್ಟಿತು. ಡೈನಮೈಟನ್ನು ಮೊದಲೇ ನಿಷೇಧಿಸಿದ್ದರು. ಡೈನಮೈಟ್ ತುಂಬಿದ ಗಣಿಬಂಡಿಯನ್ನು ನಿಷೇಧಿಸಲು ಮರೆತಿದ್ದರು! ಕಿಡಿಗೇಡಿಗಳು ಕೆಲವು ಕಟ್ಟಡಗಳನ್ನು ಸಿಡಿಸಿ, ಅಮೆರಿಕದ ಧ್ವಜಗಳನ್ನು ನೆಟ್ಟು ಹೋದರು. ಮೂಲದ ಮಾಹಿತಿ ಇಲಾಖೆಯ ಕೈಯಲ್ಲಿ ಭದ್ರವಾಗಿದ್ದುದರಿಂದ ಹಾಳಾದುದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ.

ಅದಕ್ಕಿಂತಲೂ ಮನಸ್ಸಿಗೆ ನಾಟುವಂಥದು ೨೦೨೦ರ ಮಾರ್ಚ್ ೧೨ರಂದು ತೆರೆದ ಗ್ರಂಥಾಲಯ. ಪತ್ರಕರ್ತರ ಸ್ವಾತಂತ್ರ್ಯಕ್ಕಾಗಿ ದುಡಿಯುವ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯು ಇದನ್ನು ಕಟ್ಟಿಸಿತು. ದೊಡ್ಡ ಗುಮ್ಮಟ, ಅಮೃತಶಿಲೆಯಂತೆ ಬೆಳಗುವ ಕಂಬಸಾಲುಗಳು, ಒಳಗೆ ರಷ್ಯ, ಮೆಕ್ಸಿಕೋ, ಈಜಿಪ್ಟ್, ಸೌದಿ ಅರೇಬಿಯ, ವಿಯಟ್ನಾಂಗಳಿಗೆ ಒಂದೊಂದು ಕೋಣೆ. ೨೦೧೮ರಲ್ಲಿ ಕೊಲೆಯಾದ ಜಮಾಲ್ ಖಶೋಗ್ಗಿಯ ಲೇಖನಗಳು ಅಲ್ಲಿ ಪುಸ್ತಕರೂಪದಲ್ಲಿವೆ. ಪತ್ರಿಕೆಗಳ ಬಾಯಿ ಕಟ್ಟಿದ ದೇಶಗಳಲ್ಲಿಯೂ ಆಟಕ್ಕೆ ತಡೆಯಿಲ್ಲವೆಂಬುದನ್ನು ಕಂಡುಕೊಂಡ ಉಪಾಯವಿದು. ಇಲ್ಲಿ ಪ್ರತಿ ತೆಗೆಯಲು ಯಾರೂ ಕದ್ದು ನಡೆಯಬೇಕಾಗಿಲ್ಲ. ಗ್ರಂಥಾಲಯವನ್ನು ಇಡಿಯಾಗಿ ಮನೆಗೆ ಒಯ್ಯಲು ಕಟ್ಟಿದವರೇ ಕರೆಯುತ್ತಾರೆ. ಒಂದು ಸರ್ವರನ್ನು ಮುಚ್ಚಿಸಬಹುದು; ಮನೆಮನೆಯ ಕಂಪ್ಯೂಟರುಗಳಲ್ಲಿ ಕುಳಿತ ಪ್ರತಿಗಳನ್ನು ಯಾವ ಅಧಿಕಾರಿ ಹುಡುಕಿಯಾನು?

ಇನ್ನು ನಮ್ಮ ಮನೆಗಳ ಮಾತು. ಅಣ್ಣತಂಗಿಯರು, ಬೇರೆ ಊರಿನ ಚಿಕ್ಕಪ್ಪನ ಮಕ್ಕಳು ಸೇರಿ ರಿಯಲ್ಮ್ಸ್ ಎಂಬ ಚಂದಾ ವ್ಯವಸ್ಥೆಯಲ್ಲಿ ಒಂದು ಲೋಕವನ್ನು ನಡೆಸುವುದು ಈಗ ಅಪೂರ್ವವಲ್ಲ. ಪರೀಕ್ಷೆ ಹತ್ತಿರ ಬಂದಾಗ ತಂದೆ ಚಂದಾ ನಿಲ್ಲಿಸುತ್ತಾರೆ. ನಿಂತ ಚಂದಾದ ಲೋಕವನ್ನು ಕಂಪೆನಿಯು ಒಂದು ಅವಧಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಆಮೇಲೆ ಮೂರು ವರ್ಷದ ಬೇಸಗೆ ರಜೆಗಳು ಒಮ್ಮೆಗೇ ಅಳಿಸಿಹೋಗುತ್ತವೆ. ಪ್ರತಿಯನ್ನು ಇಳಿಸಿಕೊಳ್ಳುವ ಅಧಿಕಾರ ಚಂದಾದಾರನಿಗೆ ಮಾತ್ರ, ಉಳಿದ ಮಕ್ಕಳಿಗಿಲ್ಲ. ಅವನು ಒಂದು ಗುಂಡಿ ಒತ್ತಿದರೆ ಪೆಟ್ಟಿಗೆಗಳೊಳಗಿನ ವಸ್ತುಗಳ ಸಮೇತ ಎಲ್ಲವೂ ಬರುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ಊರಿಗೆ ಊರೇ ಹಿಡಿಸುತ್ತದೆ. ಚಂದಾ ನಿಲ್ಲಿಸುವ ಮುನ್ನ ಆ ಐದು ನಿಮಿಷವನ್ನು ಹಿರಿಯರು ಕೊಡಬೇಕು.

ನಕಲಿನ ಊರಿಗೆ ಹೋದವರು ಮೊದಲು ಗಮನಿಸುವುದು ಅಲ್ಲಿಯ ನಿಶ್ಶಬ್ದವನ್ನು. ಸೂರ್ಯ ಹುಟ್ಟುತ್ತಾನೆ, ಗೋಧಿಯ ಪೈರು ಬೆಳೆಯುತ್ತದೆ, ಫಲಕಗಳ ಮೇಲೆ ಹೆಸರುಗಳಿವೆ, ಜನವಿಲ್ಲ. ಸಾಕಿದ ಪ್ರಾಣಿಗಳೂ ಕೆಲವೊಮ್ಮೆ ಪ್ರತಿಯೊಳಗೆ ಬಂದಿರುತ್ತವೆ. ಈ ಆಟದಲ್ಲಿ ನಾಯಿಗೆ ತನ್ನ ಒಡೆಯ ಯಾರೆಂಬುದು ಗುರುತಿನ ಸಂಖ್ಯೆಯ ರೂಪದಲ್ಲಿ ಬರೆದಿರುತ್ತದೆ. ಕೂರು ಎಂದ ಕಡೆ ಅದು ಕೂರುತ್ತದೆ, ಒಡೆಯನು ಹೇಳುವವರೆಗೆ ಏಳುವುದಿಲ್ಲ. ನಕಲು ತೆಗೆದ ಪರಕೀಯನು ಎಷ್ಟು ಬಾರಿ ಕರೆದರೂ, ಆ ನಾಯಿ ಹೊಸ್ತಿಲ ಮುಂದೆ ಕುಳಿತೇ ಇರುತ್ತದೆ.