ವಿಲೆಟನ್ ನಕ್ಷೆಯಲ್ಲಿ ನಮ್ಮ ಮನೆ

ಡಿಸೆಂಬರ್ ಬಿಸಿಲು ಏರುವ ಮುಂಚೆ ನಾವು ನಾಲ್ಕು ಮನೆಯವರು ಕಾಗದ, ಪೆನ್ಸಿಲ್ ಹಿಡ್ಕೊಂಡು ಪರ್ತ್‌ನ ವಿಲೆಟನ್ ಸುತ್ತಿದೆವು. ಉತ್ತರಕ್ಕೆ ಲೀಚ್ ಹೆದ್ದಾರಿ, ದಕ್ಷಿಣಕ್ಕೆ ರೋ ಹೆದ್ದಾರಿ, ನಡುವೆ ನಮ್ಮ ಬೀದಿಗಳು. ಒಣಹುಲ್ಲಿನ ಜಾಗ, ಕೊಂಬೆ ಒಣಗಿದ ಗಮ್ ಮರ, ನೀರು ನಿಲ್ಲುವ ತಗ್ಗು, ಎಲ್ಲ ಗುರುತು ಹಾಕಿದೆವು. 2010ರ ಮಾರ್ಚ್ 22ರ ಆಲಿಕಲ್ಲು ಮಳೆ ಪರ್ತ್‌ನಲ್ಲಿ ಕಾರುಗಳನ್ನು ಜಜ್ಜಿದ್ದು ಹಳಬರಿಗೆ ನೆನಪಿದೆ.

ಕೊನೆಗೆ ಕೆಂಪು ಗುರುತು ಬಿದ್ದಿದ್ದು ನಮ್ಮ ಮನೆಗಳ ಮೇಲೇ. ನಾವು ಶಿಫ್ಟಿಗೆ ಹೋದ್ರೆ ಊರಿಂದ ಬಂದ ಅಪ್ಪ-ಅಮ್ಮ ಇಬ್ಬರೇ. ಇಲ್ಲಿನ ವಿಳಾಸ ಹೇಳೋಕೆ ಅವರಿಗೆ ಬರಲ್ಲ.

ಈಗ ಫೋನಿನ ಪಕ್ಕ ಕನ್ನಡದಲ್ಲೇ ಬರೆದು ಅಂಟಿಸಿದ್ದೇವೆ: ಮನೆ ವಿಳಾಸ, 000 ಒತ್ತಿ, ‘ಫೈರ್’ ಅಥವಾ ‘ಆಂಬುಲೆನ್ಸ್’ ಅನ್ನಿ, ಆಮೇಲೆ ‘ಕನ್ನಡ’ ಅನ್ನಿ. ಫೋನ್ ಇಡಬೇಡಿ, ದುಭಾಷಿಯನ್ನು ಕರೀತಾರೆ.

ನಿಮ್ಮ ಮನೆಯಲ್ಲೂ ಇವತ್ತೇ ಒಂದು ಚೀಟಿ ಅಂಟಿಸಿ.